ಕೆರೆ ಇದೆ, ಕಾಲುವೆ ಎಲ್ಲಿ?

(ಪ್ರಸಾರ: ನವೆಂಬರ್ 2025)



ಮಂಗಳವಾರ, ನವೆಂಬರ್ 18ನೇ ತಾರೀಖು, ಢಾಕಾದಲ್ಲಿ ಭಾರತ ತಂಡ ಬಾಂಗ್ಲಾದೇಶದ ಎದುರು ಫುಟ್‌ಬಾಲ್ ಆಡಿ ಸೋತು ಬಂತು. ಒಂದು–ಸೊನ್ನೆ. ಅವರು 11ನೇ ನಿಮಿಷಕ್ಕೆ ಒಂದು ಗೋಲು ಹೊಡೆದ್ರು. ಆಮೇಲೆ ಎಂಬತ್ತು ನಿಮಿಷ ಟೈಮ್ ಇತ್ತು. ಆ ಒಂದು ಗೋಲಿನ ಸಾಲ ತೀರಿಸೋಕೆ ನಮ್ಮವರ ಕೈಲಿ ಆಗಲಿಲ್ಲ. ಬಾಂಗ್ಲಾದೇಶ ನಮ್ಮನ್ನ ಸೋಲಿಸಿದ್ದು 2003ರ ನಂತರ ಇದೇ ಮೊದಲು. ಅದೇ ವಾರ ಫಿಫಾ ಪಟ್ಟಿ ಬಂತು. ಭಾರತ 142ನೇ ಸ್ಥಾನ.

ಈ ಸುದ್ದಿ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯ್ತು? ಆ ವಾರ ಎಲ್ಲ ಚಾನೆಲ್‌ಗಳೂ ಈಡನ್ ಗಾರ್ಡನ್ಸ್ ಪಿಚ್ ಬಗ್ಗೆ ಚರ್ಚೆ ಮಾಡ್ತಿದ್ವು. ದಕ್ಷಿಣ ಆಫ್ರಿಕಾ ಎದುರು ಟೆಸ್ಟ್ ಸೋತಿದ್ವಲ್ಲ, ಸ್ಪಿನ್ ಯಾಕೆ, ಪಿಚ್ ಯಾಕೆ ಹೀಗೆ, ಕೋಚ್ ಏನು ಹೇಳಿದ್ರು ಅಂತ. ಮಾಡಲಿ, ಬೇಡ ಅನ್ನಲ್ಲ. ಕ್ರಿಕೆಟ್‌ನಲ್ಲಿ ಒಂದು ಮ್ಯಾಚ್ ಸೋತ್ರೆ ದೇಶ ಲೆಕ್ಕ ಕೇಳುತ್ತೆ. ಫುಟ್‌ಬಾಲ್‌ನಲ್ಲಿ ವರ್ಷಾನುಗಟ್ಟಲೆ ಸೋತ್ರೂ ಯಾರೂ ಕೇಳಲ್ಲ. ಕೇಳೋರಿಲ್ಲದ ಮನೆ ಹೇಗಿರುತ್ತೋ, ನಮ್ಮ ಫುಟ್‌ಬಾಲ್ ಫೆಡರೇಷನ್ ಹಾಗಿದೆ.

ಇವತ್ತು ನಾನು ಈ ಮಾತನ್ನ ಸ್ಟುಡಿಯೋದಲ್ಲಿ ಕೂತು ಆಡ್ತಿಲ್ಲ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದ್ದೀನಿ. 2015ರಲ್ಲಿ ಕೆಂಪೇಗೌಡರ ಸಮಾಧಿ ಪತ್ತೆಯಾಯ್ತಲ್ಲ, ಅದೇ ಊರು. ಫುಟ್‌ಬಾಲ್‌ಗೂ ಕೆಂಪಾಪುರಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ, ಹೇಳ್ತೀನಿ.

2023ರ ಜನವರಿಯಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಅಂದ್ರೆ ಎಐಎಫ್‌ಎಫ್, ಒಂದು ದೊಡ್ಡ ಪುಸ್ತಕ ಬಿಡುಗಡೆ ಮಾಡ್ತು. ಹೆಸರು ವಿಷನ್ 2047. ಸ್ವಾತಂತ್ರ್ಯದ ನೂರನೇ ವರ್ಷಕ್ಕೆ ಭಾರತ ಏಷ್ಯಾದ ಮೊದಲ ನಾಲ್ಕು ತಂಡಗಳಲ್ಲಿ ಒಂದಾಗಿರಬೇಕಂತೆ. ಅದಕ್ಕೆ ಮೊದಲ ಹೆಜ್ಜೆ ಏನು? 2026ರ ಒಳಗೆ ಹಳ್ಳಿ ಮಟ್ಟದ ಕಾರ್ಯಕ್ರಮದಿಂದ 3.5 ಕೋಟಿ ಮಕ್ಕಳನ್ನ ತಲುಪೋದು. ಹಳ್ಳಿ ಮಟ್ಟ ಅಂತ ಅವರೇ ಬರೆದಿದ್ದಾರೆ, ನಾನು ಸೇರಿಸಿದ್ದಲ್ಲ. ಸರಿ, ಆ ಗಡುವು 2026. ಕೆಂಪಾಪುರ ಹಳ್ಳಿ. ಬೆಂಗಳೂರಿನ ಪಕ್ಕದ ಜಿಲ್ಲೆ. ಈ ಜಿಲ್ಲೆಗೆ ಈಗ ರಾಮನಗರ ಅನ್ನೋ ಹೆಸರು ತೆಗೆದು ಬೆಂಗಳೂರು ದಕ್ಷಿಣ ಅಂತ ಹೆಸರೂ ಇಟ್ಟಾಯ್ತು. ಹೆಸರು ಬೆಂಗಳೂರಿಗೆ ಹತ್ತಿರ ಬಂತು, ಫುಟ್‌ಬಾಲ್ ಬರಲಿಲ್ಲ.

ಇಲ್ಲಿ ಹಾಲಿನ ಡೈರಿ ಹತ್ತಿರ ಒಬ್ಬರು ಯಜಮಾನರು ಸಿಕ್ಕಿದ್ರು. ಫುಟ್‌ಬಾಲ್ ವಿಷಯ ಅಂದ ತಕ್ಷಣ ನಕ್ಕರು. “ಬಾಲ್ ತಂದುಕೊಟ್ರೆ ಒಂದ್ ತಿಂಗ್ಳು ಆಡ್ತವೆ ಸಾ, ಹುಡ್ಗ್ರು. ಆಮೇಲೆ ಯಾರ್ ಜೊತೆ ಆಡೋದು? ಪಕ್ಕದೂರಲ್ಲೂ ಆಡೋರಿಲ್ಲ. ವಾಲಿಬಾಲ್ ಆದ್ರೆ ಹಬ್ಬಕ್ಕೊಂದು ಟೂರ್ನಮೆಂಟ್ ಆದ್ರೂ ಇರ್ತದೆ.”

ವೀಕ್ಷಕರೇ, ವಿಷನ್ 2047 ಅನ್ನೋ ಆ ಪುಸ್ತಕ ಓದಿ ನನಗೆ ಅರ್ಥ ಆಗದೇ ಇದ್ದಿದ್ದು ಈ ಒಂದು ಮಾತಲ್ಲಿ ಅರ್ಥ ಆಯ್ತು. ಯಾರ ಜೊತೆ ಆಡೋದು? ಬಾಲ್ ಸಮಸ್ಯೆ ಅಲ್ಲ, ಮ್ಯಾಚ್ ಸಮಸ್ಯೆ. ಫುಟ್‌ಬಾಲ್ ಕಲಿಯೋದು ಮ್ಯಾಚ್ ಆಡಿ. ವಾರಕ್ಕೊಂದು, ವರ್ಷಪೂರ್ತಿ, ಹತ್ತು ವರ್ಷದ ವಯಸ್ಸಿನಿಂದ. ನಮ್ಮಲ್ಲಿ ಬಹುಪಾಲು ಮಕ್ಕಳಿಗೆ ಏನು ಸಿಗುತ್ತೆ? ಒಂದು ಆಯ್ಕೆ ಶಿಬಿರ, ಒಂದು ವಾರದ ಟೂರ್ನಿ, ಒಂದು ಸರ್ಟಿಫಿಕೇಟ್. ಮುಂದಿನ ವರ್ಷ ಮತ್ತೆ ಅದೇ. ಮಧ್ಯದ ಹನ್ನೊಂದು ತಿಂಗಳು ಆ ಹುಡುಗ ಏನು ಮಾಡ್ತಾನೆ ಅಂತ ಫೆಡರೇಷನ್ ಕೇಳಲ್ಲ. ದೈಹಿಕ ಶಿಕ್ಷಣದ ಮೇಷ್ಟ್ರೇ ಇಲ್ಲದ ಸರ್ಕಾರಿ ಶಾಲೆಗಳು ಎಷ್ಟೋ ಇವೆ. ಆ ಮಗುವಿನ ಕಾಲಲ್ಲಿ ಏನಿದೆ ಅಂತ ನೋಡೋರು ಯಾರು?

ಈಗ ಕೆಂಪೇಗೌಡರ ವಿಷಯಕ್ಕೆ ಬರ್ತೀನಿ. ಕೆರೆ ಕಟ್ಟಿಸಿದ ದೊರೆ ಅವರು. ಕೆರೆ ಅಂದ್ರೆ ಬರೀ ಏರಿ ಅಲ್ಲ. ರೈತರಿಗೆ ಇದನ್ನ ಹೇಳೋ ಅಗತ್ಯ ಇಲ್ಲ. ಮೇಲಿನ ಗುಡ್ಡದಿಂದ ನೀರು ತರೋ ಕಾಲುವೆ ಬೇಕು. ಒಂದು ಕೆರೆ ತುಂಬಿ ಕೋಡಿ ಬಿದ್ರೆ ಇನ್ನೊಂದಕ್ಕೆ ನೀರು ಹೋಗಬೇಕು. ಆ ಕಾಲುವೆ ಮುಚ್ಚಿ ಕೆರೆ ಏರಿಗೆ ಎಷ್ಟೇ ಬಣ್ಣ ಬಳಿದ್ರೂ ಒಳಗೆ ಜಾಲಿ ಬೆಳೆಯುತ್ತೆ. ಬೆಂಗಳೂರಿನಲ್ಲಿ ಕಂಠೀರವ ಕ್ರೀಡಾಂಗಣ ಇದೆಯಲ್ಲ, ಅದು ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದಿದ್ದು. ಕೆರೆ ಮುಚ್ಚಿ ಸ್ಟೇಡಿಯಂ ಕಟ್ಟಿದ್ವಿ. ಆಗಲಿ, ಸ್ಟೇಡಿಯಂ ಆದ್ರೂ ತುಂಬಿತೇ?

ಒಂದು ಸಲ ತುಂಬಿತ್ತು. 2023ರ ಜುಲೈ 4. ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಶಿಪ್ ಫೈನಲ್. ಕುವೈತ್ ಎದುರು ಪೆನಾಲ್ಟಿಯಲ್ಲಿ ಗೆದ್ದ್ವಿ. ಕಂಠೀರವದಲ್ಲಿ ಆವತ್ತು ಜನ ವಂದೇ ಮಾತರಂ ಹಾಡಿದ್ದು ಮರೆಯೋ ಹಾಗಿಲ್ಲ. ಅದೇ ವರ್ಷ ಭಾರತ ಮೊದಲ ನೂರರೊಳಗೂ ಬಂತು. ಫೆಡರೇಷನ್‌ನವರು ಕಾಲರ್ ಮೇಲೆತ್ತಿಕೊಂಡು ಓಡಾಡಿದ್ರು. ಆಮೇಲೆ? 2024ರ ಜನವರಿ, ಏಷ್ಯನ್ ಕಪ್. ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ, ಮೂರೂ ಮ್ಯಾಚ್ ಸೋಲು. ಒಂದೇ ಒಂದು ಗೋಲು ಹೊಡೀಲಿಲ್ಲ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ, ನಮ್ಮದೇ ನೆಲದಲ್ಲಿ, ಅಫ್ಘಾನಿಸ್ತಾನದ ಎದುರು ಸೋಲು. ಯುದ್ಧದಲ್ಲಿ ನಲುಗಿದ ದೇಶ ಅದು, ತನ್ನ ನೆಲದಲ್ಲಿ ಒಂದು ಮ್ಯಾಚ್ ಆಡಿಸೋಕೆ ಆಗದ ದೇಶ.

ಸೋತಾಗ ಫೆಡರೇಷನ್ ಏನು ಮಾಡುತ್ತೆ? ಕೋಚ್ ಬದಲಾಯಿಸುತ್ತೆ. ಇಗೋರ್ ಸ್ಟಿಮಾಚ್ ಅವರಿಗೆ 2023ರ ಅಕ್ಟೋಬರ್‌ನಲ್ಲಿ 2026ರ ತನಕ ಕಾಂಟ್ರಾಕ್ಟ್ ಕೊಟ್ಟರು. 2024ರ ಜೂನ್‌ನಲ್ಲಿ ಮನೆಗೆ ಕಳಿಸಿದ್ರು. ಎಂಟು ತಿಂಗಳು! ಅವರು ಸುಮ್ಮನೆ ಹೋದ್ರಾ? ಪರಿಹಾರ ಕೇಳಿದ್ರು, ಸುಮಾರು 4 ಲಕ್ಷ ಡಾಲರ್‌ಗೆ ರಾಜಿ ಆಯ್ತು. ನಮ್ಮ ದುಡ್ಡಲ್ಲಿ ಮೂರು ಕೋಟಿಗೂ ಮೇಲೆ. ಕೆಲಸ ಮಾಡದೇ ಇರೋದಕ್ಕೆ ಕೊಟ್ಟ ದುಡ್ಡು ಅದು. ಆಮೇಲೆ ಮನೋಲೊ ಮಾರ್ಕೆಝ್ ಬಂದ್ರು. ಅವರು ಗೋವಾ ಕ್ಲಬ್‌ಗೂ ಕೋಚ್, ದೇಶಕ್ಕೂ ಕೋಚ್. ಪಾರ್ಟ್ ಟೈಮ್! ಒಂದು ವರ್ಷಕ್ಕೆ ಅವರೂ ಹೋದ್ರು. ಈಗ ಖಾಲಿದ್ ಜಮೀಲ್ ಇದ್ದಾರೆ, ನಮ್ಮ ದೇಶದವರೇ, ಒಳ್ಳೆಯ ಕೋಚ್. ಸೆಪ್ಟೆಂಬರ್‌ನಲ್ಲಿ ಒಮಾನ್ ತಂಡವನ್ನ ಪೆನಾಲ್ಟಿಯಲ್ಲಿ ಸೋಲಿಸಿದಾಗ ನಾವೆಲ್ಲ ಚಪ್ಪಾಳೆ ಹೊಡೆದ್ವಿ. ಅಕ್ಟೋಬರ್‌ನಲ್ಲಿ ಸಿಂಗಪುರ ಗೋವಾಕ್ಕೆ ಬಂದು ನಮ್ಮನ್ನ ಸೋಲಿಸಿ, 2027ರ ಏಷ್ಯನ್ ಕಪ್ ಬಾಗಿಲು ಮುಚ್ಚಿ ಹೋಯ್ತು.

ಹಳ್ಳಿಯಲ್ಲಿ ಕೆರೆ ನೀರು ಬಿಡೋಕೆ ನೀರುಗಂಟಿ ಅಂತ ಇರ್ತಿದ್ದ. ತೂಬು ಎತ್ತೋದು, ಇಳಿಸೋದು ಅವನ ಕೆಲಸ. ಕೆರೆಯಲ್ಲಿ ನೀರೇ ಇಲ್ಲದಾಗ ನೀರುಗಂಟಿಯನ್ನ ಬದಲಾಯಿಸಿದ್ರೆ ಗದ್ದೆಗೆ ನೀರು ಬರುತ್ತಾ ಸ್ವಾಮಿ?

ಇನ್ನೊಂದು ವಿಷಯ ಹೇಳದೇ ಇರೋಕೆ ಆಗಲ್ಲ. 2022ರಲ್ಲಿ ತಂಡಕ್ಕೆ ಸ್ಫೂರ್ತಿ ತುಂಬೋಕೆ ಅಂತ ಫೆಡರೇಷನ್ ಒಂದು ಜ್ಯೋತಿಷ್ಯದ ಸಂಸ್ಥೆಗೆ 16 ಲಕ್ಷ ರೂಪಾಯಿ ಕೊಟ್ಟಿತು ಅಂತ ಪತ್ರಿಕೆಗಳು ಬರೆದವು. ಬೆಳಿಗ್ಗೆ ಹೊತ್ತು ಜ್ಯೋತಿಷ್ಯ ತೋರಿಸೋ ನಾವು ಇದಕ್ಕೆ ನಗೋ ಹಾಗಿಲ್ಲ, ಅದು ಬೇರೆ ಮಾತು. ಆದ್ರೆ ನಮ್ಮ ರಾಶಿಫಲ ನೋಡಿ ಯಾರೂ ಗೋಲ್‌ಕೀಪರ್ ಆಯ್ಕೆ ಮಾಡಲ್ಲ.

ನಮಗೆ ಫುಟ್‌ಬಾಲ್ ಬರಲ್ವಾ? ಬರುತ್ತಿತ್ತು. 1951ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 1962ರಲ್ಲಿ ಜಕಾರ್ತದಲ್ಲಿ ಮತ್ತೆ ಚಿನ್ನ, ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಸೋತಿದ್ದು ನಮ್ಮ ಕೈಲಿ. ಅದೇ ಗೇಮ್ಸ್‌ನಲ್ಲಿ ಜಪಾನ್‌ಗೆ ಎರಡು ಗೋಲು ಹೊಡೆದು ಕಳಿಸಿದ್ವಿ. ಆ ತಂಡಗಳಲ್ಲಿ ಬೆಂಗಳೂರಿನ ಹುಡುಗರಿದ್ರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅಹ್ಮದ್ ಖಾನ್ ಬೆಂಗಳೂರಿನವರು. 1956 ಮತ್ತು 1960ರ ಒಲಿಂಪಿಕ್ಸ್ ತಂಡಗಳಲ್ಲಿದ್ದ ಮಾರಿಯಪ್ಪ ಕೆಂಪಯ್ಯ ಬೆಂಗಳೂರಿನವರು. ಕೆಂಪಯ್ಯ! ಈ ಸೀಮೆಯಲ್ಲಿ ಬೀದಿಗೊಬ್ಬ ಕೆಂಪಯ್ಯ ಸಿಗ್ತಾರೆ. ಆದ್ರೆ ಒಲಿಂಪಿಕ್ಸ್ ಆಡಿದ ಕೆಂಪಯ್ಯ ಯಾರು ಅಂತ ಇಲ್ಲಿನ ಹುಡುಗರನ್ನ ಕೇಳಿ. ಗೊತ್ತಿಲ್ಲ. ಹೇಳಿಕೊಟ್ಟೋರು ಯಾರಿದ್ದಾರೆ?

ಆಗಿನ ಕಾಲುವೆ ಯಾವುದು? ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಗೌತಮಪುರದ ಬೀದಿಗಳು. ಗೌತಮಪುರದಲ್ಲಿ ಇವತ್ತಿಗೂ ಪೆಲೆ ಪ್ರತಿಮೆ ಇದೆ. ಗಲ್ಲಿಗೊಂದು ಟೀಮು, ವಾರಕ್ಕೊಂದು ಮ್ಯಾಚ್. ಚೆನ್ನಾಗಿ ಆಡಿದವನಿಗೆ ಎಚ್‌ಎಎಲ್, ಐಟಿಐ ಅಂತ ಕಾರ್ಖಾನೆಗಳಲ್ಲಿ ನೌಕರಿ. ಮಗ ಬಾಲ್ ಒದೀತಾನೆ ಅಂದ್ರೆ ಅಪ್ಪ ಬೈತಿರಲಿಲ್ಲ, ಯಾಕಂದ್ರೆ ಅದರ ಕೊನೆಯಲ್ಲಿ ಪಿಎಫ್ ಇತ್ತು, ಕ್ವಾರ್ಟರ್ಸ್ ಇತ್ತು. ಕಾರ್ಖಾನೆ ತಂಡಗಳ ಕಾಲ ಮುಗೀತು. ಅದರ ಜಾಗಕ್ಕೆ ಫೆಡರೇಷನ್ ತಂದಿದ್ದು ಲೀಗ್, ಐಎಸ್‌ಎಲ್. ಲೈಟು, ಸ್ಟಾರು, ದೊಡ್ಡ ದುಡ್ಡು. ಕೆಳಗಿನದನ್ನ ಬಿಟ್ಟು ಮೇಲಿನದನ್ನ ಮೊದಲು ಕಟ್ಟಿದ್ರು. ಅದಾದ್ರೂ ನಿಂತಿದೆಯಾ?

2010ರಲ್ಲಿ 15 ವರ್ಷಕ್ಕೆ 700 ಕೋಟಿಯ ಒಪ್ಪಂದ ಮಾಡಿಕೊಂಡ್ರು. 2025ರ ಡಿಸೆಂಬರ್ 8 ಅದರ ಕೊನೆ ದಿನ. ಮುಗಿಯೋ ತಾರೀಖು 15 ವರ್ಷದಿಂದ ಗೊತ್ತಿತ್ತು. ಮುಂದೇನು ಅಂತ ಯೋಚನೆ ಮಾಡಿದ್ದು ಯಾವಾಗ? ಮನೆಗೆ ಬೆಂಕಿ ಬಿದ್ದ ಮೇಲೆ. ಜುಲೈನಲ್ಲಿ ಲೀಗ್ ನಿಂತಿತು. ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಹೊಸ ಟೆಂಡರ್ ಕರೆದ್ರು, ವರ್ಷಕ್ಕೆ ಕನಿಷ್ಠ 37.5 ಕೋಟಿ ಅಂತ. ನವೆಂಬರ್ 7 ಕೊನೆ ದಿನ. ಒಬ್ಬರೂ ಬಿಡ್ ಹಾಕಲಿಲ್ಲ. ಒಬ್ಬರೂ! 2025ರ ನವೆಂಬರ್‌ನಲ್ಲಿ ಲೀಗ್ ಯಾವಾಗ ಶುರುವಾಗುತ್ತೆ ಅಂತ ಆಟಗಾರನಿಗೆ ಗೊತ್ತಿರಲಿಲ್ಲ. ಲೀಗೇ ಇಲ್ಲದೆ ಕೂತಿದ್ದ ಹುಡುಗರನ್ನ ಕ್ಯಾಂಪ್‌ಗೆ ಕರೆದು ಢಾಕಾಕ್ಕೆ ಕಳಿಸಿ, ಯಾಕೆ ಸೋತಿರಿ ಅಂತ ಕೇಳೋದು ನ್ಯಾಯವೇ?

ಢಾಕಾದ್ದೇ ಇನ್ನೊಂದು ಕತೆ ಕೇಳಿ. ರಯಾನ್ ವಿಲಿಯಮ್ಸ್ ಅಂತ ಬೆಂಗಳೂರು ಎಫ್‌ಸಿ ಆಟಗಾರ. ಆಸ್ಟ್ರೇಲಿಯಾದಲ್ಲಿ ಹುಟ್ಟಿದವರು. ಭಾರತಕ್ಕೆ ಆಡಬೇಕು ಅಂತ ತನ್ನ ಆಸ್ಟ್ರೇಲಿಯಾ ಪಾಸ್‌ಪೋರ್ಟನ್ನೇ ಬಿಟ್ಟುಕೊಟ್ಟರು. ತಂಡದ ಜೊತೆ ಢಾಕಾಕ್ಕೂ ಹೋದ್ರು. ಅಲ್ಲಿ ಹೋದ ಮೇಲೆ ನೋಡಿದ್ರೆ, ಆಸ್ಟ್ರೇಲಿಯಾದಿಂದ ಬರಬೇಕಿದ್ದ ನಿರಾಕ್ಷೇಪಣಾ ಪತ್ರ ಬಂದಿಲ್ಲ. ಆಡೋ ಹಾಗಿಲ್ಲ. ಆ ಮನುಷ್ಯ ದೇಶ ಬದಲಾಯಿಸಿದ್ರು, ಇವರಿಗೆ ಒಂದು ಕಾಗದ ತರಿಸೋಕೆ ಆಗಲಿಲ್ಲ. ಗೋಲು ಹೊಡೆಯೋರು ಇಲ್ಲ ಅಂತ, 40 ವರ್ಷದ ಸುನಿಲ್ ಛೆಟ್ರಿ ನಿವೃತ್ತಿಯಿಂದ ವಾಪಸ್ ಬರಬೇಕಾಯ್ತು ಈ ಮಾರ್ಚ್‌ನಲ್ಲಿ. ಛೆಟ್ರಿ ದೊಡ್ಡ ಆಟಗಾರ, ಅನುಮಾನ ಇಲ್ಲ. ಆದ್ರೆ ಅವರು ವಾಪಸ್ ಬರಬೇಕಾದ ಪರಿಸ್ಥಿತಿ ಇದೆಯಲ್ಲ, ಅದು ಫೆಡರೇಷನ್‌ನ ಮಾರ್ಕ್ಸ್ ಕಾರ್ಡ್.

ಭಾರತ ಢಾಕಾದಲ್ಲಿ ಸೋತ ಅದೇ ನವೆಂಬರ್ 18ರ ಲೆಕ್ಕದಲ್ಲಿ, ಭೂಮಿಯ ಆ ಕಡೆ, ಕ್ಯುರಸಾವೊ ಅನ್ನೋ ದ್ವೀಪ ಜಮೈಕಾ ಜೊತೆ ಡ್ರಾ ಮಾಡಿಕೊಂಡು ವಿಶ್ವಕಪ್‌ಗೆ ಹೋಯ್ತು. ಜನಸಂಖ್ಯೆ ಒಂದೂವರೆ ಲಕ್ಷ. ನಾನಿರೋ ಈ ಜಿಲ್ಲೆಯಲ್ಲಿ 2011ರ ಜನಗಣತಿಗೇ 10.8 ಲಕ್ಷ ಜನ ಇದ್ರು. ಸುಳ್ಳು ಹೋಲಿಕೆ ಮಾಡಬಾರದು, ಅದನ್ನೂ ಹೇಳಿಬಿಡ್ತೀನಿ: ಅವರ ಆಟಗಾರರಲ್ಲಿ ಹೆಚ್ಚಿನವರು ಹಾಲೆಂಡ್‌ನಲ್ಲಿ ಹುಟ್ಟಿ, ಅಲ್ಲಿನ ಕ್ಲಬ್‌ಗಳಲ್ಲಿ ಕಲಿತವರು. ಅವರ ಕೆರೆ ಚಿಕ್ಕದು, ಆದ್ರೆ ಅದಕ್ಕೆ ಹಾಲೆಂಡ್‌ನಿಂದ ಕಾಲುವೆ ಇದೆ. ನಾವು ಜಕಾರ್ತದಲ್ಲಿ ಸೋಲಿಸಿದ ಜಪಾನ್ ಹಾಗಲ್ಲ. ಅವರು ಸ್ವಂತ ಕಾಲುವೆ ತೋಡಿದ್ರು. 1993ರಲ್ಲಿ ಲೀಗ್ ಶುರು ಮಾಡಿದ್ರು, ಕ್ಲಬ್‌ಗಳನ್ನ ಊರುಗಳಿಗೆ ಕಟ್ಟಿಹಾಕಿದ್ರು. 1998ರಿಂದ ಒಂದು ವಿಶ್ವಕಪ್ಪನ್ನೂ ತಪ್ಪಿಸಿಕೊಂಡಿಲ್ಲ.

ನಮ್ಮ ಹೆಣ್ಣುಮಕ್ಕಳು ಈ ಜುಲೈನಲ್ಲಿ ಥಾಯ್ಲೆಂಡ್‌ಗೆ ಹೋಗಿ ಥಾಯ್ಲೆಂಡನ್ನೇ ಸೋಲಿಸಿ ಏಷ್ಯನ್ ಕಪ್‌ಗೆ ಅರ್ಹತೆ ಪಡೆದ್ರು. ಪುರುಷರಿಗೆ ಸಿಗೋ ದುಡ್ಡಿಲ್ಲ, ಪ್ರಚಾರ ಇಲ್ಲ. ಗೆದ್ದು ಬಂದ್ರು. 2023ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕದ ಹುಡುಗರು ರಿಯಾದ್‌ನಲ್ಲಿ ಮೇಘಾಲಯವನ್ನ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂದ್ರು. ಆ ತಂಡದ ಒಬ್ಬರ ಹೆಸರು ಹೇಳಿ ನೋಡೋಣ. ನೆಲದಲ್ಲಿ ನೀರಿದೆ ವೀಕ್ಷಕರೇ.

2022ರಲ್ಲಿ ಫಿಫಾ ಈ ಫೆಡರೇಷನ್ನನ್ನ ಹನ್ನೊಂದು ದಿನ ಅಮಾನತಿನಲ್ಲಿಟ್ಟಿತ್ತು. ಆಮೇಲೆ ಎಲೆಕ್ಷನ್ ಆಯ್ತು. ದೇಶಕ್ಕಾಗಿ ಆಡಿದ ಬೈಚುಂಗ್ ಭುಟಿಯಾಗೆ ಒಂದು ಓಟು, ಕಲ್ಯಾಣ್ ಚೌಬೆ ಅವರಿಗೆ 33. ಮೂರು ವರ್ಷ ಆಯ್ತು. ನಮ್ಮ ಶಾಂತಿನಗರದ ಶಾಸಕ ಎನ್.ಎ. ಹ್ಯಾರಿಸ್ ಅವರು ರಾಜ್ಯ ಸಂಸ್ಥೆಯ ಅಧ್ಯಕ್ಷರು, ಎಐಎಫ್‌ಎಫ್ ಉಪಾಧ್ಯಕ್ಷರೂ ಹೌದು. ಹ್ಯಾರಿಸ್ ಅವರೇ, ನಿಮಗೆ ನನ್ನ ಪ್ರಶ್ನೆ ಎರಡೇ. ಆ 3.5 ಕೋಟಿ ಮಕ್ಕಳ ಲೆಕ್ಕದಲ್ಲಿ ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರ, ಈ ನಾಲ್ಕು ತಾಲ್ಲೂಕಿನಿಂದ ಎಷ್ಟು ಮಕ್ಕಳ ಹೆಸರಿದೆ? ಆ ಮಕ್ಕಳು ಈ ವರ್ಷ ಒಬ್ಬೊಬ್ಬರು ಎಷ್ಟು ಮ್ಯಾಚ್ ಆಡಿದ್ದಾರೆ? ಭಾಷಣ ಬೇಡ, ತಾಲ್ಲೂಕುವಾರು ಪಟ್ಟಿ ಕೊಡಿ. ಪಟ್ಟಿ ಬಂದ ದಿನ ಇದೇ ಸಮಯಕ್ಕೆ ಒಂದೊಂದೇ ಸಾಲು ಓದ್ತೀನಿ, ಆಮೇಲೆ ಕ್ಯಾಮೆರಾ ಹಿಡ್ಕೊಂಡು ಮತ್ತೆ ಈ ಡೈರಿ ಹತ್ತಿರಾನೇ ಬರ್ತೀನಿ.