ಮೈದಾನದಿಂದ ಕಾಲೇಜಿನ ಸೀಟಿಗೆ

ನಿಂಬರ್ಗಾದ ಹೈಸ್ಕೂಲ್ ಹುಡುಗನೊಬ್ಬ ಖೋ ಖೋದಲ್ಲಿ ವಲಯ ಗೆದ್ದು, ಆಳಂದದಲ್ಲಿ ತಾಲೂಕು ಗೆದ್ದು, ಜಿಲ್ಲಾ ಮಟ್ಟಕ್ಕೆ ಕಲಬುರಗಿಗೆ ಹೋದನೆಂದರೆ ಊರಿಗೇ ಸಂಭ್ರಮ. ಆದರೆ ಮನೆಯಲ್ಲಿ ತಾಯಿ ಕೇಳುವುದೇ ಬೇರೆ: ‘ಇದರಿಂದ ಮುಂದ ಕಾಲೇಜಿನ್ಯಾಗ ಸೀಟು ಸಿಗ್ತದೇನಪ್ಪಾ?’

ಆಟಗಾರರನ್ನು ಹುಡುಕಿ ಕರೆದೊಯ್ಯುವುದು ನಮ್ಮ ಗಡಿಸೀಮೆಗೆ ಹೊಸದಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು ಕುಸ್ತಿಗೆ ಆಸರೆಯಾಗಿ ನಿಂತು, 1912ರಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದರು. ಜಾತ್ರೆಯ ಕಣದಲ್ಲಿ ಹುಡುಗನ ಪಟ್ಟು ನೋಡಿದ ವಸ್ತಾದ ‘ಇವನನ್ನು ನನ್ನ ಹತ್ತಿರ ಕಳಿಸ್ರಿ’ ಎಂದರೆ ಮುಗಿಯಿತು, ತಾಲೀಮಿನಲ್ಲೇ ಊಟ, ವಾಸ. ಯಾವ ಇಯತ್ತೆ ಓದಿದ್ದೀ ಎಂದು ಯಾರೂ ಕೇಳುತ್ತಿರಲಿಲ್ಲ.

ಓದು ಮತ್ತು ಆಟ ಒಂದೆಡೆ ಸೇರಿದ್ದು ವಿಶ್ವವಿದ್ಯಾಲಯಗಳ ಕಾಲದಲ್ಲಿ. ಅಂತರ ವಿಶ್ವವಿದ್ಯಾಲಯ ಕ್ರೀಡೆಗಳಿಗಾಗಿ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ 1956-57ರಲ್ಲಿ ಬಂತು. ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ನಮ್ಮ ಜಿಲ್ಲೆ ಸೇರಿದ್ದೂ 1956ರಲ್ಲೇ. ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಮಾತ್ರ 1980ರವರೆಗೆ ಕಾಯಬೇಕಾಯಿತು. ಪ್ರಶಸ್ತಿ ಬೇಕಾದ ಮೇಲೆ ಕಾಲೇಜುಗಳಿಗೆ ಆಟಗಾರರೂ ಬೇಕು. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ರಾಜ್ಯದ ಮೂಲೆಮೂಲೆಯ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಉಚಿತವಾಗಿ ಓದಿಸಿದ್ದರಿಂದಲೇ ಮಂಗಳೂರು ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ದೇಶಕ್ಕೆ ಪರಿಚಯವಾಯಿತು ಎಂದರೆ ತಪ್ಪಿಲ್ಲ.

ಇದನ್ನೇ ಅಮೆರಿಕದವರು ದೊಡ್ಡ ವ್ಯವಸ್ಥೆಯಾಗಿ ಬೆಳೆಸಿದ್ದಾರೆ. ಅಲ್ಲಿ ಹನ್ನೆರಡನೇ ತರಗತಿ ಅರ್ಧ ಆಗುವ ಮೊದಲೇ, ನವೆಂಬರಿನಲ್ಲಿ, ಒಂದೇ ಕಾಲೇಜಿಗೆ ‘ಸೀಟು ಕೊಟ್ಟರೆ ಬಂದೇ ಬರುತ್ತೇನೆ’ ಎಂದು ಬರೆದುಕೊಟ್ಟು ಅರ್ಜಿ ಹಾಕಬಹುದು. ಡಿಸೆಂಬರಿನಲ್ಲಿ ಉತ್ತರ ಬರುತ್ತದೆ. ತರಬೇತುದಾರರು ತಮಗೆ ಬೇಕಾದ ಆಟಗಾರರಿಗೆ ಈ ದಾರಿಯಲ್ಲೇ ಬರಲು ಹೇಳುತ್ತಾರೆ. 1964ರಿಂದ ಅಲ್ಲಿ ಕ್ರೀಡಾ ವಿದ್ಯಾರ್ಥಿಗಳಿಗೆಂದೇ ಬೇರೆ ಒಪ್ಪಂದಪತ್ರವಿತ್ತು, 2024ರಲ್ಲಿ ಅದನ್ನು ಕೈಬಿಟ್ಟರು. ದೆಹಲಿಯ ಹೈಜಂಪ್ ಪಟು ತೇಜಸ್ವಿನ್ ಶಂಕರ್ 2017ರಲ್ಲಿ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ್ದು ಕ್ರೀಡಾ ವಿದ್ಯಾರ್ಥಿವೇತನದ ಮೇಲೆ. ಈ ಪದ್ಧತಿಗೆ ಕೊಳಕು ಮುಖವೂ ಇದೆ. ಆಟವೇ ಆಡದ ಶ್ರೀಮಂತರ ಮಕ್ಕಳನ್ನು ಆಟಗಾರರೆಂದು ತೋರಿಸಿ, ಲಂಚ ಪಡೆದು ಸೀಟು ಕೊಡಿಸಿದ ತರಬೇತುದಾರರು 2019ರಲ್ಲಿ ಸಿಕ್ಕಿಬಿದ್ದರು. ಒಬ್ಬನ ಮಾತಿನ ಮೇಲೆ ಸೀಟು ನಿಂತರೆ ಆಗುವುದೇ ಇದು.

ನಮ್ಮಲ್ಲೂ ಮುಂಚಿತವಾಗಿ ಆಯ್ಕೆ ಮಾಡುವ ಒಂದು ಬಾಗಿಲಿದೆ, ಕ್ರೀಡಾ ಇಲಾಖೆಯ ವಸತಿ ನಿಲಯ. ಮಗುವಿನ ಎತ್ತರ ಅಳೆಯುತ್ತಾರೆ, ತೂಕ ನೋಡುತ್ತಾರೆ. ಗೋಡೆಯ ಪಕ್ಕ ನಿಂತಲ್ಲಿಂದಲೇ ಎಷ್ಟು ಮೇಲಕ್ಕೆ ಹಾರುತ್ತದೆ, 30 ಮೀಟರ್ ಎಷ್ಟು ಸೆಕೆಂಡಿನಲ್ಲಿ ಓಡುತ್ತದೆ, 800 ಮೀಟರ್ ಮುಗಿಸುವ ಹೊತ್ತಿಗೆ ಉಸಿರು ಉಳಿದಿರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಅಂಕಪಟ್ಟಿಗಿಂತ ಮೊದಲು ಕಾಲುಗಳನ್ನು ನೋಡುವ ಈ ಕ್ರಮ ನನಗೆ ತುಂಬಾ ಸರಿಯೆನಿಸುತ್ತದೆ.

ಕಾಲೇಜಿನ ಹಂತಕ್ಕೆ ಬಂದಾಗ ಲೆಕ್ಕ ತಿರುಗಿಬಿಡುತ್ತದೆ. 1994ರಲ್ಲಿ ಶುರುವಾದ ಸಿಇಟಿ ವ್ಯವಸ್ಥೆಯಲ್ಲಿ ಕ್ರೀಡಾ ಕೋಟಾ ಇದೆ. ಆದರೆ ಪರೀಕ್ಷೆ, ಪ್ರಮಾಣಪತ್ರಗಳ ಪರಿಶೀಲನೆ ಎಲ್ಲ ಮುಗಿದ ಮೇಲಷ್ಟೇ ಸೀಟಿನ ಮಾತು. ತಾಲೂಕು ಮಟ್ಟದ ಗೆಲುವಿಗೆ ಅಲ್ಲಿ ಬೆಲೆಯಿಲ್ಲ. ಐಐಟಿ ಮದ್ರಾಸ್ 2024ರಿಂದ ಪ್ರತಿ ಪದವಿ ಕೋರ್ಸಿನಲ್ಲಿ ಆಟಗಾರರಿಗೆ ಎರಡು ಹೆಚ್ಚುವರಿ ಸೀಟು ಇಟ್ಟಿದೆ, ಒಂದು ಹೆಣ್ಣುಮಕ್ಕಳಿಗೆ. ಅಲ್ಲೂ ಜೆಇಇ ಅಡ್ವಾನ್ಸ್ಡ್ ದಾಟಲೇಬೇಕು.

ಹೀಗಾಗಿ ಹಳ್ಳಿಯ ಹುಡುಗ, ಹುಡುಗಿ ಪಿಯುಸಿ ಎರಡನೇ ವರ್ಷಕ್ಕೆ ಬಂದೊಡನೆ ಶೂ ಮೂಲೆಗಿಟ್ಟು ಟ್ಯೂಷನ್ ಹಿಡಿಯುತ್ತಾರೆ. ಅವರದೇನೂ ತಪ್ಪಿಲ್ಲ. ಸೀಟಿನ ಭರವಸೆ ಸಿಗದೆ ಯಾವ ಬಡ ಮನೆ ಆ ವರ್ಷವನ್ನು ಮೈದಾನಕ್ಕೆ ಬಿಟ್ಟುಕೊಟ್ಟೀತು?

ಕಲಬುರಗಿಯ ಪದವಿ ಕಾಲೇಜುಗಳಿಗೆ ನನ್ನ ಬೇಡಿಕೆ ಇಷ್ಟು: ಡಿಸೆಂಬರಿನಲ್ಲೇ ಎಲ್ಲರ ಕಣ್ಣೆದುರಿಗೆ ಆಯ್ಕೆ ನಡೆಸಿ, ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿ, ‘ಪಾಸಾದರೆ ಸೀಟು ನಿನ್ನದು’ ಎಂದು ಬರೆದುಕೊಡಿ. ತಂದೆ ತಾಯಂದಿರೇ, ಮಕ್ಕಳ ಕ್ರೀಡಾ ಪ್ರಮಾಣಪತ್ರಗಳ ಮೂಲ ಪ್ರತಿಯನ್ನು ಅಂಕಪಟ್ಟಿಯ ಜೊತೆಗೇ ಜೋಪಾನವಾಗಿಡಿ. ಹೆಸರು, ಜನ್ಮದಿನಾಂಕ ಎರಡರಲ್ಲೂ ಒಂದೇ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ.