ಕಾರ್ನ್‌ವಾಲಿಸನ ಕಾಗದ, ಶಾನುಭೋಗರ ಕಡತ



1781ರ ಅಕ್ಟೋಬರ್ 19ರಂದು ಅಮೆರಿಕದ ಯಾರ್ಕ್‌ಟೌನಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಶರಣಾಯಿತು. ಹನ್ನೊಂದು ವರ್ಷ ತುಂಬುವ ಮೊದಲೇ, 1792ರ ಫೆಬ್ರುವರಿಯಲ್ಲಿ, ಅದೇ ಕಾರ್ನ್‌ವಾಲಿಸ್ ನಮ್ಮ ಮೈಸೂರಿನ ಪಕ್ಕದ ಶ್ರೀರಂಗಪಟ್ಟಣದೆದುರು ದಂಡು ಬಿಟ್ಟು ಕೂತಿದ್ದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆ ಕಳಿಸಿದ. ಅಲ್ಲಿ ಸೋತವನು ಇಲ್ಲಿ ಗೆದ್ದ. ಅವನ ಕಾಗದಪತ್ರಗಳು ಇಂದು ಲಂಡನ್ನಿನ ಕ್ಯೂ ಎಂಬಲ್ಲಿರುವ ಪತ್ರಾಗಾರದಲ್ಲಿವೆ. ಅಮೆರಿಕದ ಕ್ಯಾರೊಲಿನಾದ ಯುದ್ಧವೂ ಮೈಸೂರಿನ ಯುದ್ಧವೂ ಅಲ್ಲಿ ಒಂದೇ ಸಂಗ್ರಹದೊಳಗೆ ಸೇರಿವೆ.

ಅಮೆರಿಕಕ್ಕೂ ಮೈಸೂರಿಗೂ ಇರುವ ಈ ನಂಟು ಬರೀ ಆಳುವವರದಲ್ಲ. ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧದ ಹಡಗೊಂದಕ್ಕೆ ನಮ್ಮ ಹೈದರಾಲಿಯ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಅದು ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಸೆರೆಹಿಡಿಯಿತು. ಇದನ್ನು ಮೊದಲು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಅಮೆರಿಕದ ವಸಾಹತುಗಳನ್ನು ಹುಡುಕುವವರಿಗೆ ಕ್ಯೂ ಸಾಕಷ್ಟು ಕೊಡುತ್ತದೆ. ಗವರ್ನರುಗಳು ಬರೆದ ಪತ್ರಗಳು ಅಲ್ಲಿ ‘ಸಿ.ಓ. 5’ ಎಂಬ ಸಾಲಿನಲ್ಲಿವೆ. ನಮಗೆ ಅಷ್ಟು ಸುಲಭವಲ್ಲ. ನಮ್ಮ ಕಡೆ ಮೊದಲು ಕೈಹಾಕಿದ್ದು ಈಸ್ಟ್ ಇಂಡಿಯಾ ಕಂಪನಿ. ಅದರ ದಾಖಲೆಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಒಂದಷ್ಟು, ಚೆನ್ನೈನ ಎಗ್ಮೋರಿನಲ್ಲಿ ಒಂದಷ್ಟು, ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಒಂದಷ್ಟು. ಹಡಗು ಮುಳುಗಿದರೂ ಸುದ್ದಿ ತಲುಪಲೆಂದು ಒಂದೇ ಪತ್ರದ ಪ್ರತಿಗಳನ್ನು ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು. ಹಾಗಾಗಿ ಒಂದು ಊರಲ್ಲಿ ಹುಳ ತಿಂದದ್ದು ಇನ್ನೊಂದು ಊರಲ್ಲಿ ಉಳಿದಿರಬಹುದು. ಬೆಂಗಳೂರಿನ ರಾಜ್ಯ ಪತ್ರಾಗಾರವಿದೆ, ಮೈಸೂರಿನಲ್ಲೇ ವಿಭಾಗೀಯ ಕಚೇರಿಯಿದೆ. ಲಂಡನ್ನಿಗೆ ಟಿಕೆಟ್ ಇಲ್ಲವೆಂದು ಯಾರೂ ಕೈಚೆಲ್ಲಬೇಕಿಲ್ಲ. ಹುಡುಕುವಾಗ ಮಾತ್ರ ಊರಿನ ಹೆಸರನ್ನು ಇಂಗ್ಲಿಷರ ಕಿವಿಗೆ ಬಿದ್ದ ಹಾಗೆ ಹುಡುಕಬೇಕು. ಚಿತ್ರದುರ್ಗ ಅಲ್ಲಿ ‘ಚಿಟಲ್‌ಡ್ರೂಗ್’, ಶ್ರೀರಂಗಪಟ್ಟಣ ‘ಸೆರಿಂಗಪಟಮ್’.

ಈಗ ನನ್ನ ಮುಖ್ಯ ಮಾತು. ಈ ಇಂಗ್ಲಿಷ್ ದಾಖಲೆಗಳ ಬುಡದಲ್ಲಿ ಕನ್ನಡದ ಲೆಕ್ಕವಿದೆ. ಕಡತ ಎಂದರೆ ನಾವೀಗ ಕಚೇರಿಯ ಫೈಲು ಎನ್ನುತ್ತೇವೆ. ಮೊದಲು ಅದು ಬಟ್ಟೆ: ಹುಣಸೆಬೀಜದ ಸರಿಗೆ ಇದ್ದಿಲು ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಬಟ್ಟೆ. ಅದರ ಮೇಲೆ ಹಳ್ಳಿಯ ಲೆಕ್ಕ ಇಡುವ ಶಾನುಭೋಗರು ಬಳಪದಲ್ಲಿ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಯಾವ ಹೊಲ ಯಾರದು, ಯಾರು ಎಷ್ಟು ಬಾಕಿ ಎಂಬುದನ್ನು ಬಲ್ಲವರು ಅವರು. ಸಾಹೇಬರು ಅವರನ್ನು ಕೇಳಿಯೇ ಬರೆದುಕೊಂಡರು, ಆದರೆ ಕೇಳಿದ್ದು ತಮಗೆ ಬೇಕಾದದ್ದನ್ನು ಮಾತ್ರ. ಉದಾಹರಣೆಗೆ, ಕುಂಬಾರ ಹಳ್ಳಿಯ ಆಯಗಾರರಲ್ಲೊಬ್ಬನಾಗಿದ್ದ, ಸುಗ್ಗಿಯಲ್ಲಿ ಕಣದಿಂದ ಧಾನ್ಯದ ಪಾಲು ಪಡೆಯುತ್ತಿದ್ದ. ಕಂದಾಯದ ಕಾಗದದಲ್ಲಿ ಅವನು ಕಸುಬಿನ ಮೇಲಿನ ಮೊಹತರ್ಫಾ ತೆರಿಗೆಯ ಬಾಬ್ತು ಮಾತ್ರ.

ನಗರ ಎಂಬ ಸೀಮೆಯ ದಂಗೆಯನ್ನೇ ನೋಡಿ. 1830-31ರಲ್ಲಿ ರೈತರು ಕೂಟ ಕೂಡಿ ಕಂದಾಯ ನಿಲ್ಲಿಸಿದರು. ಅದರ ಬೆನ್ನಲ್ಲೇ 1831ರಲ್ಲಿ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ತಪ್ಪಿ, ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಪಾಲಾಯಿತು. ವಿಚಾರಣೆಗೆ ನೇಮಿಸಿದ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಮುಂದೆ ಕಮಿಷನರಾಗಿ 1861ರವರೆಗೆ ಆಳಿದ ಮಾರ್ಕ್ ಕಬ್ಬನ್ ಅದರ ಸದಸ್ಯರಲ್ಲೊಬ್ಬರು. ಎಲ್ಲರೂ ಉದ್ಧರಿಸುವುದು ಆ ಇಂಗ್ಲಿಷ್ ವರದಿಯನ್ನೇ. ರೈತ ನೊಂದು ಆಡಿದ್ದು ಕನ್ನಡದಲ್ಲಿ. ಆ ಕಾಲದ ಕನ್ನಡ ಕಾಗದ, ಮರಾಠಿಯ ಮೋಡಿ ಲಿಪಿಯ ಲೆಕ್ಕಪತ್ರ ಓದದೆ ನಗರದ ಕಥೆ ಬರೆದರೆ ಅದು ತೀರ್ಪು ಕೊಟ್ಟವರ ಕಥೆಯಾಗುತ್ತದೆ.

ಮೋಡಿ ಓದಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ನಿಮ್ಮ ನೆಂಟರಲ್ಲಿ ಅಂಥ ಹಿರಿಯರಿದ್ದರೆ, ಮಕ್ಕಳೇ, ಈ ರಜೆಯಲ್ಲೇ ಅವರ ಮುಂದೆ ಕೂತು ಅಕ್ಷರ ತಿದ್ದಿ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಜ್ಜನ ಕಾಲದ ಕ್ರಯಪತ್ರ, ಕಂದಾಯದ ರಸೀದಿ ಸಿಕ್ಕರೆ ಗುಜರಿಗೆ ಹಾಕಬೇಡಿ. ಮಡಿಕೆ ಬಿಡಿಸುವ ಮೊದಲು ಕೈ ಒರೆಸಿಕೊಳ್ಳಿ, ಫೋಟೊ ತೆಗೆಯಿರಿ, ಹಿಂಬದಿಯನ್ನೂ ತೆಗೆಯಿರಿ.