ಮನೆಯ ಆಲ್ಬಂ, ಊರಿನ ಆಸ್ತಿ

(ಬೆಳ್ಳಿಹಬ್ಬದ ಪೂರ್ವಭಾವಿ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಮ್ಮ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದು 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಹುಟ್ಟಿತು. ಅದನ್ನು ಕಟ್ಟಿದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರನ್ನು ನಾವ್ಯಾರೂ ಕಣ್ಣಾರೆ ಕಂಡವರಲ್ಲ. ಆದರೂ ಕಚೇರಿ ಗೋಡೆಯ ಮೇಲಿನ ಫೋಟೋ ನೋಡಿ ಶಾಲೆ ಮಕ್ಕಳೂ ಯಾರೆಂದು ಹೇಳ್ತಾರೆ. ಕಾರಣ, ಕೆಳಗೆ ಹೆಸರು ಬರೆದಿದೆ.

ನಮ್ಮ ಮನೆಗಳ ಫೋಟೋಗಳಿಗೆ ಆ ಭಾಗ್ಯ ಇಲ್ಲ. ಸ್ಮರಣ ಸಂಚಿಕೆಗೆ ಹಳೇ ಫೋಟೋ ಬೇಕೆಂದು ನಾವು ನಿರ್ದೇಶಕರು ಮನೆಮನೆ ತಿರುಗಿದೆವು. ಒಬ್ಬರ ಟ್ರಂಕಿನಲ್ಲಿ ಸಂಘದ ಗೋದಾಮಿಗೆ ಪಾಯ ತೆಗೆದ ದಿನದ ಫೋಟೋ ಸಿಕ್ಕಿತು. ಮುಂದೆ ಹಾರ ಹಾಕಿಕೊಂಡ ಹಿರಿಯರು. ಅವರ ಹೆಸರು ನಡವಳಿ ಪುಸ್ತಕದಲ್ಲಿದೆ. ಹಿಂದೆ ಮಣ್ಣಿನ ಬುಟ್ಟಿ ಹೊತ್ತ 7 ಜನ ಹೆಣ್ಣುಮಕ್ಕಳು. ಇವರ ಹೆಸರು ನಮ್ಮ ಯಾವ ಪುಸ್ತಕದಲ್ಲೂ ಇಲ್ಲ. ನಾಲ್ವರ ಗುರುತು ಹತ್ತಿತು. ಉಳಿದ ಮೂವರು ನಮ್ಮೂರವರೋ, ಕೂಲಿಗೆ ಬಂದವರೋ ತಿಳೀಲಿಲ್ಲ. ಅವರ ಜೊತೆಯಲ್ಲೇ ಬುಟ್ಟಿ ಹೊತ್ತಿದ್ದ ಅಜ್ಜಿ ಹೋದ ಸುಗ್ಗಿಯಲ್ಲಿ ತೀರಿಕೊಂಡರು. ನಮ್ಮ ಪಕ್ಕದ ಮನೆಯವರೇ, ದಿನಾ ಕಟ್ಟೆ ಮೇಲೆ ಕೂತಿರುತ್ತಿದ್ದರು. ನಾವು ಒಂದು ದಿನವೂ ಕೇಳಲಿಲ್ಲ. ತಪ್ಪು ನಮ್ಮದೇ.

ಆದ್ದರಿಂದ ನಮ್ಮದೊಂದು ಅರಿಕೆ. ಇವತ್ತೇ ಆಲ್ಬಂ ತೆಗೆದು ಮನೆಯ ಹಿರಿಯರ ಮುಂದೆ ಇಡಿ. ಯಾರು, ಯಾವ ಊರು, ಯಾವ ಸಂದರ್ಭ ಎಂದು ಕೇಳಿ, ಫೋಟೋದ ಹಿಂಬದಿಯ ಅಂಚಿನಲ್ಲಿ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂಬದಿಗೆ ಮೂಡುತ್ತದೆ. ಕಲರ್ ಫೋಟೋದ ಹಿಂಬದಿ ನುಣುಪಾಗಿದ್ದು ಪೆನ್ಸಿಲ್ ಹತ್ತದಿದ್ದರೆ, ಕವರಿನ ಮೇಲೆ ಹೆಸರು ಬರೆದು ಫೋಟೋ ಒಳಗಿಡಿ. ಅಂಟು ಹಾಳೆಯ ಆಲ್ಬಂನಲ್ಲಿ ಗಟ್ಟಿಯಾಗಿ ಹಿಡಿದ ಫೋಟೋ ಕೀಳಲು ಹೋಗಬೇಡಿ, ಹರಿದೀತು. ಹಾಗೇ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಹರಿದಿದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ತೇವದ ಗೋಡೆ, ಬಿಸಿಲು ಎರಡರಿಂದಲೂ ದೂರ ಇಡಿ. ಮೊಬೈಲಿನಲ್ಲಿದೆ ಅಂತ ಅಸಲು ಫೋಟೋ ಬಿಸಾಡಬೇಡಿ, ಮೊಬೈಲ್ ಕೆಟ್ಟರೆ ಎರಡೂ ಹೋದಂತೆ.

ನಿಮ್ಮ ಫೋಟೋಗಳನ್ನು ಕಚೇರಿಗೆ ತಂದರೆ ನಕಲು ತೆಗೆದುಕೊಂಡು ಅಸಲನ್ನು ಆಗಲೇ ವಾಪಸು ಕೊಡ್ತೀವಿ. ಈ ವ್ಯವಹಾರಕ್ಕೆ ಬಡ್ಡಿ ಇಲ್ಲ, ಜಾಮೀನೂ ಬೇಡ.

ಪಾಯದ ದಿನದ ಆ ಫೋಟೋ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಚಹಾ ಕುಡಿದು ಹೋಗುವಾಗ ಎಲ್ಲರೂ ಒಮ್ಮೆ ನೋಡಿ. ವಿಶೇಷವಾಗಿ ತಾಯಂದಿರು ನೋಡಬೇಕು. ಆ ಮೂವರ ಹೆಸರು ಸಿಕ್ಕರೆ ಸಂಚಿಕೆ ಅಚ್ಚಿಗೆ ಹೋಗುವ ಮೊದಲೇ ಸೇರಿಸ್ತೀವಿ. ಸಿಗದಿದ್ದರೂ ಅವರ ಫೋಟೋ ಹಾಕಿಯೇ ಹಾಕ್ತೀವಿ. ನಮ್ಮ ಗೋದಾಮಿನ ಮಣ್ಣು ಹೊತ್ತವರು ಅವರು.